ಮಿರ್ಚಿಗೆ ಬಂದವರು

ಬಯಲಿನಲ್ಲಿ ಕುಳಿತು ಉಣ್ಣುವ ಮನುಷ್ಯನಿಗೆ ಎರಡೇ ಕೈಗಳನ್ನು ಕೊಟ್ಟದ್ದು ಸೃಷ್ಟಿಕರ್ತನ ದೊಡ್ಡ ಲೋಪವೆಂದು ನನಗೆ ಬಹುಕಾಲದಿಂದ ಅನ್ನಿಸಿದೆ. ಒಂದು ಕೈ ತುತ್ತಿಗೆ ಬೇಕು. ಇನ್ನೊಂದು ಕೈ ನೊಣ ಹೊಡೆಯುವುದರಲ್ಲಿ, ಗಾಳಿಗೆ ಹಾರಿಹೋಗುವ ಕಾಗದವನ್ನು ಹಿಡಿಯುವುದರಲ್ಲಿ, ಇರುವೆಗಳ ದಾರಿಯಿಂದ ಚಟ್ನಿಯ ಡಬ್ಬಿಯನ್ನು ಎತ್ತಿ ಎತ್ತಿ ಇಡುವುದರಲ್ಲಿ ಮುಗಿದುಹೋಗುತ್ತದೆ; ನೀರಿನ ತಂಬಿಗೆ ಹಿಡಿಯಲು ಮೂರನೆಯದೊಂದು ಇಲ್ಲದೆ, ಸಜ್ಜೆರೊಟ್ಟಿ ಗಂಟಲಲ್ಲಿ ನಿಂತು ಕಣ್ಣಲ್ಲಿ ನೀರು ಬರುತ್ತದೆ. ಮನೆಯ ನಾಲ್ಕು ಗೋಡೆಗಳ ನಡುವೆ ಊಟವೆಂಬುದು ನಮ್ಮ ಖಾಸಗಿ ವ್ಯವಹಾರ. ಬಯಲಿಗೆ ಬಂದು ಬುತ್ತಿ ಬಿಚ್ಚಿದಿರೋ, ಅದು ಸಾರ್ವಜನಿಕ ಸಮಾರಂಭವಾಗುತ್ತದೆ, ಮತ್ತು ಅದಕ್ಕೆ ಕರೆಯದೆ ಬರುವವರೇ ಹೆಚ್ಚು. ಹೊಲದ ಬದುವಿನ ಮೇಲೆ ಒಮ್ಮೆಯಾದರೂ ಕೂತು ಉಂಡವರು ನೀವಾಗಿದ್ದರೆ ನಾನು ಹೇಳುವುದು ಸುಳ್ಳಲ್ಲವೆಂದು ಒಪ್ಪುತ್ತೀರಿ.

ನಮ್ಮ ಊಟಕ್ಕೆ ಕರೆಯದೆ ಬಂದವು ಗಿಳಿಗಳು. ನಾನು ಕೊಪ್ಪಳದ ಕಾಲೇಜೊಂದರಲ್ಲಿ ಗ್ರಂಥಪಾಲಕ. ಗಿಳಿಯೆಂಬ ಪಕ್ಷಿಯನ್ನು ನಲವತ್ತೆಂಟು ವರ್ಷ ಪುಸ್ತಕಗಳಲ್ಲೇ ಕಂಡವನು. ಅಲ್ಲಿ ಅದರ ಹೆಸರು ಶುಕ. ರಾಜಕುಮಾರಿಯ ಮುಂಗೈಯಲ್ಲಿ ಕುಳಿತು ಅವಳ ವಿರಹವನ್ನು ವ್ಯಾಕರಣದೋಷವಿಲ್ಲದೆ ನಿವೇದಿಸುವ ಸುಶಿಕ್ಷಿತ ದೂತ. ಯಲಬುರ್ಗಾ ರಸ್ತೆಯಲ್ಲಿರುವ ನಮ್ಮ ಹೊಲದ ಗಿಳಿಗಳಿಗೆ ಈ ಶಿಕ್ಷಣವಾಗಿರಲಿಲ್ಲ. ಅವು ಬರುವಾಗಲೇ ಬೈಯುತ್ತ ಬರುತ್ತಿದ್ದವು. ಮೊದಲು ತಟ್ಟೆಯ ಅಂಚಿಗೆ, ಆಮೇಲೆ ಮಣಿಕಟ್ಟಿಗೆ ಏರಿ, ಬಾಯಿಗೆ ಹೋಗುತ್ತಿದ್ದ ತುತ್ತನ್ನು ದಾರಿಯಲ್ಲೇ ತಡೆದು, ಕಚ್ಚಿ ನೋಡಿ, ರುಚಿಸದಿದ್ದರೆ ನನ್ನ ಮೊಸರನ್ನದಲ್ಲೇ ಉಗುಳಿಬಿಡುತ್ತಿದ್ದವು. ಇಂಥ ಅವಮಾನವನ್ನು ನಾವು ತಿಂಗಳುಗಟ್ಟಲೆ ಸಂತೋಷದಿಂದ ಸಹಿಸಿಕೊಂಡೆವು. ಅದಕ್ಕೊಂದು ಕಾರಣವಿತ್ತು, ಆ ಕಾರಣದ ಕಥೆಯನ್ನು ಹೇಳಬೇಕಾದರೆ ಅಪ್ಪನಿಂದ ಶುರುಮಾಡಬೇಕು.

ಅಪ್ಪ ಬಸ್ಸಿನ ಡ್ರೈವರಾಗಿದ್ದವರು. ಕುಷ್ಟಗಿ, ಕನಕಗಿರಿ, ಗಂಗಾವತಿ, ಸಿದ್ದಾಪುರ ಎಂದು ಮೂವತ್ತು ವರ್ಷ ಸುತ್ತಾಡಿದ ಅವರ ತಲೆಯಲ್ಲಿ ಈ ಸೀಮೆಯ ನಕ್ಷೆ ಊರುಗಳ ಹೆಸರಿನಿಂದಲ್ಲ, ಮಿರ್ಚಿ ಬಜ್ಜಿಯ ಬಂಡಿಗಳಿಂದ ಗುರುತಾಗಿತ್ತು. ಯಾವ ನಿಲ್ದಾಣದ ಮಿರ್ಚಿಗೆ ಜೀರಿಗೆ ಜಾಸ್ತಿ, ಎಲ್ಲಿ ಕಡ್ಲೆಹಿಟ್ಟಿಗೆ ಸೋಡಾ ಹಾಕಿ ಮೋಸ ಮಾಡುತ್ತಾರೆ, ಯಾರ ಬಾಣಲೆಯ ಎಣ್ಣೆ ಯಾವ ವಾರದಿಂದ ಬದಲಾಗಿಲ್ಲ ಎಂಬ ವಿಷಯಗಳಲ್ಲಿ ಅವರದು ಅಂತಿಮ ತೀರ್ಪು. ಕೊರಳಿಗೊಂದು ಕೆಂಪು ವಸ್ತ್ರ ಸುತ್ತಿಕೊಂಡು ಸಂಜೆ ಐದಕ್ಕೆ ಹೊರಟರೆಂದರೆ ಎರಡು ಮಿರ್ಚಿ, ಒಂದು ಹಿಡಿ ಮಂಡಕ್ಕಿ. ನಿವೃತ್ತರಾದ ಮೇಲೂ ಈ ವೇಳಾಪಟ್ಟಿ ತಪ್ಪಲಿಲ್ಲ. ಎದೆನೋವು ಕಾಣಿಸಿಕೊಂಡ ಮೇಲೆ ಡಾಕ್ಟರು ಎಣ್ಣೆಯಲ್ಲಿ ಕರಿದದ್ದನ್ನು ಮುಟ್ಟಬಾರದೆಂದರು. ಅಪ್ಪನ ಪಾಲಿನ ಪೊಲೀಸು ಅವ್ವ ಆದಳು. ಮೂರು ತಿಂಗಳು ಮನೆಯಲ್ಲಿ ಬಾಣಲೆ ಒಲೆಗೇರಲಿಲ್ಲ.

ಕೊನೆಯ ಸಂಜೆ ಅಪ್ಪ ಅವ್ವನನ್ನು ಒಂದೇ ಒಂದು ಮಿರ್ಚಿ ಕೇಳಿದರಂತೆ. ಅವ್ವ ಬೇಡವೆಂದಳು. ಇನ್ನೊಮ್ಮೆ ಕೇಳಿದರು. ಅವಳು ಮಾತಾಡದೆ ಅಡುಗೆಮನೆಗೆ ಎದ್ದುಹೋದಳು. ಮರುದಿನ ಬೆಳಿಗ್ಗೆ ಅಪ್ಪ ಏಳಲಿಲ್ಲ. ಸತ್ತವರ ಮನೆಯಲ್ಲಿ ಎಲ್ಲರೂ ಅಳುವಂತೆ ಅವ್ವ ಅಳಲಿಲ್ಲ. ಬಂದವರು ಅವಳನ್ನು ಗಟ್ಟಿಗಿತ್ತಿ ಎಂದರು. ಅವಳ ಗಂಟಲಲ್ಲಿ ಏನು ಸಿಕ್ಕಿಕೊಂಡಿತ್ತೆಂಬುದು ನನಗೊಬ್ಬನಿಗೇ ಗೊತ್ತಿತ್ತು.

ಅಪ್ಪನನ್ನು ನಮ್ಮ ಹೊಲದ ಮೂಲೆಯಲ್ಲೇ, ಬೇವಿನ ಮರದ ಬುಡದಲ್ಲಿ ಮಣ್ಣು ಮಾಡಿದೆವು. ಮೂರನೆಯ ದಿನ ಅಲ್ಲಿ ಎಡೆ ಇಟ್ಟು, ದೂರ ಸರಿದು, ಕಾಗೆಗಾಗಿ ಕಾಯುತ್ತ ಕುಳಿತೆವು. ಕಾಗೆ ಬಂದು ಎಡೆ ಮುಟ್ಟಿದರೆ ಹೋದ ಜೀವ ತೃಪ್ತಿಯಾಗಿದೆಯೆಂದು ಅರ್ಥ. ಮುಟ್ಟದಿದ್ದರೆ ಅವರ ಯಾವುದೋ ಆಸೆ ಉಳಿದುಕೊಂಡಿದೆಯೆಂದು ಲೆಕ್ಕ, ಮತ್ತು ಅಲ್ಲಿಯವರೆಗೆ ಯಾರೂ ಉಣ್ಣುವಂತಿಲ್ಲ. ಕಾಗೆಗಳು ಬರಲಿಲ್ಲ. ಒಂದು ತಾಸಾಯಿತು, ಎರಡಾಯಿತು. ಪದ್ಧತಿಯಂತೆ ಒಬ್ಬೊಬ್ಬರಾಗಿ ಕೈಮುಗಿದು ಮಾತು ಕೊಡತೊಡಗಿದೆವು. ಹೊಲ ಮಾರುವುದಿಲ್ಲವೆಂದು ಅಪ್ಪನ ತಮ್ಮ, ನಮ್ಮ ಕಾಕಾ, ಹೇಳಿದರು. ಮನೆಗೆ ಸುಣ್ಣ ಹೊಡೆಸುತ್ತೇನೆಂದು, ಸೋರುವ ಮಾಳಿಗೆ ಸರಿಮಾಡಿಸುತ್ತೇನೆಂದು, ಕಾಕಾನೊಂದಿಗೆ ಜಗಳವಾಡುವುದಿಲ್ಲವೆಂದು ನಾನು ಹೇಳಿದೆ. ಅಪ್ಪ ಬದುಕಿದ್ದಾಗ ಹತ್ತು ವರ್ಷ ಕೇಳಿದರೂ ಹೂಂ ಅನ್ನದ ಕೆಲಸಗಳಿಗೆಲ್ಲ ಆ ಹಸಿವಿನಲ್ಲಿ ಅರ್ಧ ಗಂಟೆಯೊಳಗೆ ಹೂಂ ಅಂದೆ. ಅವ್ವ ಮಾತ್ರ ತುಟಿ ಬಿಚ್ಚಲಿಲ್ಲ. ಅವಳ ಕಣ್ಣು ಎಡೆಯ ನಡುವೆ ತಾನೇ ಕರಿದು ತಂದಿಟ್ಟಿದ್ದ ಎರಡು ಮಿರ್ಚಿಗಳ ಮೇಲಿತ್ತು.

ಆಗ ಬೇವಿನ ಮರದಿಂದ ಒಂದು ಗಿಳಿ ಇಳಿಯಿತು. ಅನ್ನವನ್ನು ನೋಡಲಿಲ್ಲ, ಹೋಳಿಗೆಯನ್ನು ನೋಡಲಿಲ್ಲ. ನೇರವಾಗಿ ನಡೆದುಹೋಗಿ ಒಂದು ಮಿರ್ಚಿಯನ್ನು ಕಾಲಲ್ಲಿ ಎತ್ತಿಹಿಡಿದು, ಹಿಟ್ಟಿನ ಕವಚವನ್ನು ಸುಲಿದು ಬಿಸಾಡಿ, ಒಳಗಿನ ಮೆಣಸಿನಕಾಯಿಯನ್ನು ಬೀಜಸಮೇತ ತಿಂದು ಮುಗಿಸಿತು. ಗಂಡು ಗಿಳಿ; ಕೊರಳ ಸುತ್ತ ಕೆಂಪು ಗೆರೆ. ಪಕ್ಷಿಗಳಿಗೆ ಖಾರ ತಟ್ಟುವುದಿಲ್ಲವೆಂದು, ಗಿಳಿಗಳಿಗೆ ಮೆಣಸಿನಕಾಯಿ ಅಚ್ಚುಮೆಚ್ಚೆಂದು ನಾನು ಓದಿಕೊಂಡಿದ್ದೆ. ಆ ಜ್ಞಾನವನ್ನು ಪ್ರಕಟಿಸಲು ಬಾಯಿ ತೆರೆಯುವಷ್ಟರಲ್ಲಿ ಕಾಕಾ ಎದ್ದು ನಿಂತಿದ್ದರು.

"ಕೊಳ್ಳಾಗ ಕೆಂಪು ವಸ್ತ್ರ ಐತಿ, ನೋಡ್ರಿ," ಅಂದರು ಅವರು. "ನಮ್ಮಣ್ಣ ಅದಾನ."

ಅವ್ವ ಅಳಲು ಶುರುಮಾಡಿದ್ದು ಆಗ. ಮೂರು ದಿನದ ಅಳುವನ್ನು ಅವಳು ಒಮ್ಮೆಲೇ ಅತ್ತಳು. ನಾನು ತೆರೆದ ಬಾಯಿಯನ್ನು ಮುಚ್ಚಿಕೊಂಡೆ. ಗ್ರಂಥಪಾಲಕನಾಗಿ ನಾನು ಮಾಡಿದ ಅತ್ಯುತ್ತಮ ಸೇವೆ ಬಹುಶಃ ಅದೇ. ನಮ್ಮ ಕಡೆಯ ಹಳೆಯ ಹೆಂಗಸರಂತೆ ಅವ್ವ ಐವತ್ತು ವರ್ಷದ ಸಂಸಾರದಲ್ಲಿ ಗಂಡನ ಹೆಸರು ಹಿಡಿದು ಕರೆದವಳಲ್ಲ, 'ಅವರು' ಅಂದವಳು. ಆ 'ಅವರು' ಎಂಬ ಪೀಠ ಮೂರು ದಿನದಿಂದ ಖಾಲಿಯಿತ್ತು. ಗಿಳಿ ಬಂದು ಅದರ ಮೇಲೆ ಕುಳಿತುಕೊಂಡಿತು. ಯಾರಿಗೂ ಏನನ್ನೂ ವಿವರಿಸಬೇಕಾಗಲಿಲ್ಲ.

ಮೊದಲ ಒಂದು ತಿಂಗಳು ಪ್ರತಿದಿನವೂ, ಆಮೇಲೆ ಪ್ರತಿ ಭಾನುವಾರವೂ ಅವ್ವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊಲಕ್ಕೆ ಹೋದೆ. ಬೇವಿನ ಕೆಳಗೆ ಕಟ್ಟಿಸಿದ ಸಮಾಧಿಯ ಕಟ್ಟೆಯ ಪಕ್ಕದಲ್ಲೇ ನಮ್ಮ ಊಟ. ಅವ್ವ ಸೆರಗು ಹೊದ್ದುಕೊಂಡು, ಮಿರ್ಚಿ ಹಿಡಿದ ಕೈ ಮುಂದೆ ಚಾಚಿ, "ಬರ್ರಿ, ಊಟಕ್ಕ ಬರ್ರಿ" ಎಂದು ಮರ್ಯಾದೆಯಿಂದ ಕರೆಯುತ್ತಿದ್ದಳು. ಅವರು ಬರುತ್ತಿದ್ದರು. ಮೊದಲು ಕಟ್ಟೆಗೆ, ಹದಿನೈದು ದಿನದಲ್ಲಿ ಮೊಣಕಾಲಿಗೆ, ತಿಂಗಳಾಗುವುದರೊಳಗೆ ಮುಂಗೈಗೆ. ಅವರ ಹಿಂದೆ ಐದು ಗಿಳಿಗಳ ಬಳಗವೂ ಸಲುಗೆ ಬೆಳೆಸಿತು. ನನ್ನ ತಲೆಯ ಮೇಲೊಂದು, ಹೆಗಲ ಮೇಲೊಂದು ಕುಳಿತಿರುವಾಗ ನಾನು ಅಲುಗಾಡದೆ ಊಟಮಾಡುವ ಕಲೆಯನ್ನು ಕಲಿತೆ, ಅವ್ವನಂತೆಯೇ ಕರೆದು ಅವನ್ನು ಕೈಗಿಳಿಸುವುದನ್ನೂ.

ಪಕ್ಕದ ಹೊಲ ಮಾಬವ್ವನದು. ಸೂರ್ಯಕಾಂತಿ ಬೆಳೆಯುವ, ನಾಲ್ಕು ಕಂಬದ ಅಟ್ಟದ ಮೇಲೆ ಕವಣೆ ಹಿಡಿದು ನಿಂತು ಬೆಳಗಿನಿಂದ ಸಂಜೆಯವರೆಗೆ ಹಕ್ಕಿ ಕಾಯುವ ಅರವತ್ತರ ಹೆಂಗಸು. ನನಗೆ ಚಿಕ್ಕಂದಿನಿಂದ ಚಿಗವ್ವ, ಅವ್ವನಿಗೆ ತಂಗಿಯಿದ್ದಂತೆ. ಅವಳ ಕವಣೆಯ ಕಲ್ಲು ಹಕ್ಕಿಗೆ ತಗಲುವುದಿಲ್ಲ. ಹಗ್ಗದ ತುದಿ ಗಾಳಿಯಲ್ಲಿ ಪಟ್ಟೆಂದು ಸಿಡಿದು, ಕಲ್ಲು ಹಕ್ಕಿಯ ಒಂದು ಮೊಳ ಪಕ್ಕದಲ್ಲಿ ಹಾದುಹೋಗುತ್ತದೆ. ಕೊಲ್ಲುವುದು ಸುಲಭ, ತಪ್ಪಿಸಿ ಹೊಡೆಯುವುದಕ್ಕೆ ಕೈ ಪಳಗಬೇಕು ಅನ್ನುತ್ತಾಳೆ. ಗಿಳಿಗಳು ಅವಳ ಜನ್ಮವೈರಿಗಳು. ಆದರೂ ಅವ್ವನ ಮುಖ ನೋಡಿ ಕೆಂಪು ಕೊರಳಿನ ಒಂದಕ್ಕೆ ಮಾತ್ರ ರಿಯಾಯಿತಿ ಕೊಟ್ಟಿದ್ದಳು.

"ಅಕ್ಕಾ, ನಿಮ್ಮ ಯಜಮಾನ್ರು ಮುಂಜಾನಿಂದ ನನ್ನ ಎಂಟು ಹೂವು ಖಾಲಿ ಮಾಡ್ಯಾರ," ಎಂದು ಅಟ್ಟದಿಂದಲೇ ಕೂಗುತ್ತಿದ್ದಳು. "ಇವತ್ತು ಕರೀಬ್ಯಾಡ್ರಿ, ಹೊಟ್ಟಿ ತುಂಬೇತಿ."

"ಅವ್ರದು ಮೊದ್ಲಿಂದ ಹಂಗ ಅಲ್ಲೇನ," ಅನ್ನುತ್ತಿದ್ದಳು ಅವ್ವ. "ಊಟಕ್ಕ ಮೊದ್ಲ ಹೊರಗ ಏನರ ತಿಂದು ಬರೂದು."

ಅವ್ವ ನಗುತ್ತಿದ್ದಳು. ಅವಳ ಊಟ ಹೆಚ್ಚಿತು, ನಿದ್ದೆ ಬಂತು. ಒಂದು ಗಿಳಿಗೆ ನಾನು ಇದಕ್ಕಿಂತ ಹೆಚ್ಚು ಋಣಿಯಾಗಲು ಸಾಧ್ಯವಿರಲಿಲ್ಲ. ಆದರೆ ಕೃತಜ್ಞತೆಯ ಜೊತೆಗೆ ನನ್ನೊಳಗೆ ಇನ್ನೊಂದು ಪದಾರ್ಥವೂ ಕೊಬ್ಬಿತು. ಜೀವನವಿಡೀ "ಸದ್ದು ಮಾಡಬೇಡಿ" ಎಂಬ ಫಲಕದ ಕೆಳಗೆ ಕುಳಿತ ಮನುಷ್ಯನ ಮಾತು ಕೇಳಿ ಕಾಡಿನ ಪಕ್ಷಿಗಳು ಕೈಗಿಳಿಯುತ್ತವೆ ಎಂದರೆ ಯಾರಿಗೆ ತಾನೆ ತಲೆ ತಿರುಗುವುದಿಲ್ಲ. ಹೆಗಲ ಮೇಲೆ ಗಿಳಿ ಕುಳಿತ ನನ್ನ ಫೋಟೊವನ್ನು ಸಹೋದ್ಯೋಗಿಗಳಿಗೆಲ್ಲ ಕಳಿಸಿದೆ. ಪ್ರಕೃತಿಯೊಂದಿಗಿನ ತಾದಾತ್ಮ್ಯದ ಬಗ್ಗೆ ಒಂದು ಟಿಪ್ಪಣಿಯನ್ನೂ ಬರೆದೆ. ಅದನ್ನು ಪುಣ್ಯಕ್ಕೆ ಯಾರೂ ಓದಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಬೈಕಿನಲ್ಲಿ ಬಂದವನೊಬ್ಬ ನೀರು ಕೇಳಿಕೊಂಡು ಬದು ಹತ್ತಿ ಬಂದ. ನಲವತ್ತರ ಆಸುಪಾಸಿನ, ನಯವಾದ ಮಾತಿನ ಮನುಷ್ಯ. ನೀರು ಕುಡಿದು ತಂಬಿಗೆ ಹಿಂದಿರುಗಿಸಿದವನು ಹೋಗಲಿಲ್ಲ; ಅವ್ವನ ಮುಂಗೈಯನ್ನು ನೋಡುತ್ತ ನಿಂತ.

"ಇವು ಅಂಜಂಗಿಲ್ಲೇನ್ರಿ, ಸರ?" ಅಂದ.

ಪ್ರಶ್ನೆ ಕೇಳಿಸಿಕೊಳ್ಳಲು ಹಸಿದ ಗ್ರಂಥಪಾಲಕನಿಗೆ ಅಷ್ಟು ಸಾಕಾಯಿತು. ನಾನು ಅವನನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಎಷ್ಟು ಹೊತ್ತಿಗೆ ಬರುತ್ತವೆ, ಎಷ್ಟಿವೆ, ಯಾವುದು ಧೈರ್ಯದ್ದು, ಮೆಣಸಿನಕಾಯಿಯನ್ನು ಹೇಗೆ ಹಿಡಿದರೆ ಇಷ್ಟ, ಹೇಗೆ ಕರೆದರೆ ಇಳಿಯುತ್ತವೆ. ಅವನು ಎರಡು ಸಲ "ಬರ್ರಿ, ಊಟಕ್ಕ ಬರ್ರಿ" ಎಂದು ನನ್ನೆದುರೇ ಕರೆದು ನೋಡಿದ. ಅವನ ಉಚ್ಚಾರವನ್ನು ನಾನು ತಿದ್ದಿದೆ ಎಂಬುದನ್ನು ಬರೆಯುವಾಗ ಈಗಲೂ ಕೈ ನಿಲ್ಲುತ್ತದೆ.

ಅವನು ಹೋದ ಮೇಲೆ ಮಾಬವ್ವ ಅಟ್ಟದಿಂದ ಇಳಿದು ಬಂದಳು. "ಯಾರಂವ, ತಮ್ಮ? ಬೈಕಿನ ಹಿಂದ ಅರಿವಿ ಮುಚ್ಚಿದ್ದ ಗಂಟು ಅಲುಗ್ಯಾಡಾಕತ್ತಿತ್ತು."

ಕೋಳಿ ಇರಬೇಕು ಎಂದೆ ನಾನು. ಅವಳು ರಸ್ತೆಯ ಕಡೆ ನೋಡುತ್ತಲೇ ಇದ್ದಳು.

ಮುಂದಿನ ಭಾನುವಾರ ಅವ್ವ ಕರೆದಾಗ ಮೂರೇ ಗಿಳಿಗಳು ಇಳಿದವು. ಕೆಂಪು ಕೊರಳಿನದು ಅವುಗಳಲ್ಲಿ ಇರಲಿಲ್ಲ. ಅವ್ವ ಮತ್ತೆ ಕರೆದಳು, ಮತ್ತೆ ಕರೆದಳು. ಎಲ್ಲಿಗೋ ಹೋಗಿದ್ದಾರೆ, ಬರುತ್ತಾರೆ ಎಂದು ನನಗೇ ಸಮಾಧಾನ ಹೇಳಿದಳು. ಅಷ್ಟರಲ್ಲಿ ಮಾಬವ್ವ ಬಂದು ನನ್ನನ್ನು ಮರದ ಹಿಂದಕ್ಕೆ ಕರೆದು, ಸೆರಗಿನಲ್ಲಿ ಸುತ್ತಿಟ್ಟಿದ್ದ ಒಂದು ಬಿದಿರುಕಡ್ಡಿಯನ್ನು ತೋರಿಸಿದಳು. ಅದಕ್ಕೆ ಆಲದ ಹಾಲಿನಂಥ ಅಂಟು ಬಳಿದಿತ್ತು. ಅಂಟಿಗೆ ಹಸಿರು ಪುಕ್ಕಗಳು ಹತ್ತಿಕೊಂಡಿದ್ದವು.

"ಗುರುವಾರ ಬಂದಿದ್ದ," ಅಂದಳು. "ನಿನ್ನಂಗ ಕುಂತಿದ್ದ ತಮ್ಮ, ಇದ ಕಟ್ಟಿ ಮ್ಯಾಲೆ, ಕೈಯಾಗ ಮಿರ್ಚಿ ಹಿಡಕೊಂಡು. ನಿನ್ನಂಗ ಬರ್ರಿ ಬರ್ರಿ ಅಂತಿದ್ದ. ನಾನೂ ನೀನ ಅಂತ ತಿಳಕೊಂಡೆ. ಹಕ್ಕಿ ಚೀರಿದ ಮ್ಯಾಲೆ ಗೊತ್ತಾತು. ನಾ ಓಡಿ ಬರೂದ್ರಾಗ ಎರಡು ಒಯ್ದಿದ್ದ."

ಯಾವ ಎರಡು ಎಂದು ಕೇಳಿದೆ. ದೂರದಿಂದ ಕಾಣಲಿಲ್ಲ ಅಂದಳು. ಇದ್ದದ್ದು ಆರು, ಹೋದದ್ದು ಎರಡು, ಈಗ ಕಣ್ಣೆದುರು ಇರುವುದು ಮೂರು. ಉಳಿದ ಒಂದು ಯಾವುದಾಗಿರಬಹುದೆಂದು ಮತ್ತೆ ಮತ್ತೆ ಲೆಕ್ಕ ಹಾಕಿದೆ. ನನಗೆ ಆ ಹೊತ್ತಿನಲ್ಲಿ ಆದದ್ದು ಬರೀ ದುಃಖವಲ್ಲ, ನಾಚಿಕೆ. ಹಿಡಿದವನು ಅವನು, ಹಿಡಿಯುವುದಕ್ಕೆ ಸಿದ್ಧಮಾಡಿ, ಕರೆಯುವ ಮಾತನ್ನೂ ಕಲಿಸಿ ಒಪ್ಪಿಸಿದವನು ನಾನು. ಗಿಳಿ ಹಿಡಿಯುವುದು ಕಾನೂನಿನಲ್ಲಿ ಅಪರಾಧ. ಅಲ್ಲಿಂದಲೇ ಅರಣ್ಯ ಇಲಾಖೆಗೆ ಫೋನು ಮಾಡಿದೆ. ಅವರು ವಿವರ ಬರೆದುಕೊಂಡು ಆ ರಸ್ತೆಯಲ್ಲಿ ಕಣ್ಣಿಡುತ್ತೇವೆಂದರು. ಆದರೆ ವಾರವಿಡೀ ಒಂದು ಬೇವಿನ ಮರದ ಕೆಳಗೆ ಯಾರು ಕೂರಲು ಸಾಧ್ಯ.

"ಇನ್ನೂ ನಾಕು ಉಳದಾವಂತ ಅಂವಗ ಗೊತ್ತೈತಿ," ಅಂದಳು ಮಾಬವ್ವ. "ಮತ್ತ ಬರ್ತಾನ. ಹಕ್ಕೀನ ಅಂಜಿಸಬೇಕು ತಮ್ಮ. ಮನುಷ್ಯಾ ಅಂದ್ರ ಅಂಜಬೇಕು. ಮಿರ್ಚಿ ಹಿಡದು ಬರ್ರಿ ಅನ್ನೋ ಮನುಷ್ಯಾಗಂತೂ ಭಾಳ ಅಂಜಬೇಕು."

ದಾನಗಳಲ್ಲಿ ಅಭಯದಾನ ಶ್ರೇಷ್ಠವೆಂದು ಓದಿಕೊಂಡು ಬೆಳೆದವನು ನಾನು. ನಮ್ಮ ದೇವರುಗಳೆಲ್ಲ ಒಂದು ಕೈಯನ್ನು ಅದಕ್ಕೆಂದೇ ಎತ್ತಿ ಹಿಡಿದಿರುತ್ತಾರೆ. ಅಭಯ ಪಡೆದವನು ಅದನ್ನು ಕೊಟ್ಟ ಕೈಯನ್ನಷ್ಟೇ ಗುರುತಿಟ್ಟುಕೊಳ್ಳಲಾರ, ಎಲ್ಲ ಕೈಗಳನ್ನೂ ನಂಬಿಬಿಡುತ್ತಾನೆ ಎಂಬ ಸಣ್ಣ ಸಂಗತಿ ನನ್ನ ಯಾವ ಪುಸ್ತಕದಲ್ಲೂ ಇರಲಿಲ್ಲ. ಗಿಳಿಗೆ ಕೈಯೆಂದರೆ ಕೈ. ಅದರ ರೆಕ್ಕೆಗಿಂತ ಹೆಚ್ಚಾಗಿ ಅದನ್ನು ಕಾಯುತ್ತಿದ್ದದ್ದು ಅದರ ಅಂಜಿಕೆ. ನಾನು ಕೊಟ್ಟದ್ದೇನೂ ಇಲ್ಲ. ಅದರ ಬಳಿಯಿದ್ದ ಒಂದೇ ಆಸ್ತಿಯನ್ನು ಮಿರ್ಚಿ ತೋರಿಸಿ ಕಸಿದುಕೊಂಡಿದ್ದೆ.

ಇದನ್ನು ಅವ್ವನಿಗೆ ಹೇಗೆ ಹೇಳುವುದೆಂದು ನಾನು ಒದ್ದಾಡುತ್ತಿದ್ದಾಗ ಅವಳು "ಬಂದ್ರು" ಅಂದಳು. ಅವರು ಬಂದಿದ್ದರು. ಬಾಲದ ಎರಡು ಉದ್ದ ಗರಿಗಳು ಇರಲಿಲ್ಲ. ಒಂದು ರೆಕ್ಕೆಯ ಅಂಚು ಅಂಟು ಒಣಗಿ ಜಡೆಗಟ್ಟಿತ್ತು. ಅಂಟಿನ ಕಡ್ಡಿಯಿಂದ ಗರಿ ಕಿತ್ತುಕೊಂಡು ಪಾರಾದ ಜೀವ ಮೂರೇ ದಿನದಲ್ಲಿ ಅದೇ ಕಟ್ಟೆಗೆ, ಅದೇ ಕರೆಗೆ ಇಳಿದುಬಂದು, ಏನೂ ಆಗದವರಂತೆ ಅವ್ವನ ಮೊಣಕಾಲೇರಿ ಕುಳಿತಿತು. ಆ ನಂಬಿಕೆಯನ್ನು ಕಂಡು ನನಗೆ ಭಯವಾಯಿತು. ಮಾಬವ್ವ ಕಡ್ಡಿಯನ್ನು ಅವ್ವನ ಮುಂದಿಟ್ಟು, ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಿದಳು.

ಅವ್ವ ಗಿಳಿಯ ರೆಕ್ಕೆಯ ಅಂಟನ್ನು ಉಗುರಿನಿಂದ ಬಿಡಿಸಲು ನೋಡುತ್ತಿದ್ದಳು.

"ಸಾಯೂ ಮುಂದ ಒಂದು ಮಿರ್ಚಿ ಕೇಳಿದ್ರು, ಇಲ್ಲ ಅಂದೆ," ಅಂದಳು ಕೊನೆಗೆ. "ಸಿಟ್ಟು ಮರತು ಬಂದು ಕೈಮ್ಯಾಲೆ ಕುಂತಾರ. ಮತ್ತ ನಾನ ಇಲ್ಲ ಅನ್ಲೇನು?"

ಆಗಲೇ ರಸ್ತೆಯ ಕಡೆಯಿಂದ ಬೈಕಿನ ಸದ್ದು ಬಂತು. ಅದೇ ಬೈಕು ರಸ್ತೆಬದಿಯ ಬನ್ನಿಗಿಡದ ಕೆಳಗೆ ನಿಂತಿತು. ಅವನು ಇಳಿಯಲಿಲ್ಲ, ಅಡಗಲೂ ಇಲ್ಲ. ನಾವು ಹೋಗುವುದನ್ನು ಕಾಯುವವನಂತೆ ಬೀಡಿ ಹೊತ್ತಿಸಿಕೊಂಡು ಕುಳಿತ. ನಾನು ಬದು ದಾಟಿ ಅವನತ್ತ ನಡೆದೆ. ಗ್ರಂಥಾಲಯದಲ್ಲಿ ಮಾತಾಡುವವರ ಮೇಲೆ ಬಳಸುವ ದನಿಯನ್ನು ಬಿಟ್ಟರೆ ನನ್ನ ಬತ್ತಳಿಕೆಯಲ್ಲಿ ಬೇರೆ ಅಸ್ತ್ರವಿಲ್ಲ. ಅದನ್ನೇ ಪ್ರಯೋಗಿಸಿ, ಇಲಾಖೆಗೆ ತಿಳಿಸಿದ್ದೇನೆ, ಇಲ್ಲಿಂದ ಹೊರಡು ಎಂದೆ.

"ನಾ ರಸ್ತಾದ ಮ್ಯಾಲೆ ನಿಂತೇನ್ರಿ, ಸರ," ಅಂದ ಅವನು, ಮೊದಲಿನಷ್ಟೇ ನಯವಾಗಿ. "ನೀವು ನಿಮ್ಮ ಊಟ ಮಾಡ್ರಿ."

ಬೈಕಿನ ಹಿಂದಿನ ಪಂಜರದ ಮೇಲೆ ಈ ಸಲ ಬಟ್ಟೆಯಿರಲಿಲ್ಲ. ಅದು ಖಾಲಿಯಿತ್ತು. ಖಾಲಿ ಪಂಜರ ಅಷ್ಟು ಹೆದರಿಸಬಲ್ಲದೆಂದು ನನಗೆ ತಿಳಿದಿರಲಿಲ್ಲ. ಬೈಕಿನ ನಂಬರನ್ನು ಓದಿಕೊಂಡು ಹಿಂದಿರುಗಿ, ಮಾಬವ್ವನ ಕೈಯಿಂದ ಕವಣೆ ಇಸಿದುಕೊಂಡು, ಗಿಳಿಗಳ ಪಕ್ಕಕ್ಕೆ ಗುರಿಯಿಟ್ಟು ತಲೆಯ ಮೇಲೆ ಮೂರು ಸುತ್ತು ಬೀಸಿದೆ. ಕಲ್ಲು ಹಿಂದಕ್ಕೆ ಹಾರಿ ನಮ್ಮ ಊಟದ ಡಬ್ಬಿಗೇ ಬಡಿಯಿತು. ಡಬ್ಬಿಯ ಸದ್ದು ಕೇಳಿದ ಗಿಳಿಗಳು ಇನ್ನೇನೋ ಬಿಚ್ಚಿದ್ದಾರೆಂದು ತಿಳಿದು ಇನ್ನಷ್ಟು ಹತ್ತಿರ ಬಂದವು. ಬೇರೆ ದಿನವಾಗಿದ್ದರೆ ಮೂವರೂ ನಕ್ಕುಬಿಡುತ್ತಿದ್ದೆವು. ಮಾಬವ್ವ ತಾನೇ ಕವಣೆ ಸಿಡಿಸಿದಳು. ಬೇರೆ ಮೂರು ಹಾರಿ ಕೊಂಬೆ ಸೇರಿದವು. ರಿಯಾಯಿತಿ ಪಡೆದ ಗಿಳಿ ಮಾತ್ರ ಆ ಸದ್ದು ತನಗಲ್ಲವೆಂದು ತಿಳಿದು ಅವ್ವನ ಮೊಣಕಾಲ ಮೇಲೇ ಉಳಿಯಿತು.

ರಸ್ತೆಯಲ್ಲಿ ಅವನು ಎರಡನೆಯ ಬೀಡಿ ಹೊತ್ತಿಸಿದ. ಅವ್ವ ಅತ್ತ ಒಮ್ಮೆ ನೋಡಿದಳು, ಕಡ್ಡಿಯನ್ನೊಮ್ಮೆ ನೋಡಿದಳು. ಆಮೇಲೆ ಡಬ್ಬಿಯಿಂದ ಒಂದು ಮಿರ್ಚಿ ತೆಗೆದು ಎಡಗೈಯಲ್ಲಿ ಚಾಚಿ, "ಬರ್ರಿ, ಊಟಕ್ಕ ಬರ್ರಿ" ಅಂದಳು. ಗಿಳಿ ಮುಂಗೈಗೆ ಏರಿತು. ಅದು ಮಿರ್ಚಿಗೆ ಕೊಕ್ಕು ಹಾಕುವಷ್ಟರಲ್ಲಿ ಅವ್ವನ ಬಲಗೈ ಬಂದು ಅದನ್ನು ರೆಕ್ಕೆಗಳ ಸಮೇತ ಗಟ್ಟಿಯಾಗಿ ಹಿಡಿಯಿತು.

ಗಿಳಿ ಚೀರಿತು. ಅಂಥ ದನಿ ಅದರಲ್ಲಿ ಇತ್ತೆಂದು ನನಗೆ ಗೊತ್ತಿರಲಿಲ್ಲ. ಅವ್ವ ಅದನ್ನು ಮುಖದ ಹತ್ತಿರ ಹಿಡಿದು ಅಲ್ಲಾಡಿಸಿದಳು. ಅದು ಅವಳ ತೋರುಬೆರಳನ್ನು ಕಚ್ಚಿ ಹಿಡಿಯಿತು. ರಕ್ತ ಮೊಣಕೈಯವರೆಗೆ ಇಳಿಯಿತು. ಕೊಂಬೆಯ ಮೇಲಿನ ಮೂರು ಗಿಳಿಗಳೂ ಕಿರುಚುತ್ತ ಮರದ ಸುತ್ತ ಹಾರತೊಡಗಿದವು. ಮಾಬವ್ವ ಅವುಗಳ ಕೆಳಗೆ ಪಟಪಟನೆ ಕವಣೆ ಸಿಡಿಸಿದಳು. ನಾನು ಮಾತ್ರ ಎರಡೂ ಕೈಗಳನ್ನು ಖಾಲಿ ಬಿಟ್ಟುಕೊಂಡು ನಿಂತಿದ್ದೆ.

"ಸಾಕು ಬಿಡ್ರಿ, ಅಕ್ಕ," ಅಂದಳು ಮಾಬವ್ವ.

"ಇನ್ನೂ ಸ್ವಲ್ಪ," ಅಂದಳು ಅವ್ವ. "ಇನ್ನೂ ಪೂರಾ ಅಂಜಿಲ್ಲ ಅವ್ರು."

ಆ ಬೆರಳಿನ ನೋವಿನಲ್ಲೂ ಅವಳು ಅದರ ಎದೆಬಡಿತವನ್ನು ಅಂಗೈಯಲ್ಲಿ ಎಣಿಸುತ್ತಿದ್ದಳೆಂದು ತೋರುತ್ತದೆ. ನಂತರ ಕೈ ಬಿಚ್ಚಿದಳು. ಗಿಳಿ ನೆಲಕ್ಕೆ ಬಿದ್ದು, ಎದ್ದು, ಕಲ್ಲೆಸೆದಂತೆ ನೆಟ್ಟಗೆ ಹಾರಿಹೋಯಿತು. ಉಳಿದವು ಅದರ ಹಿಂದೆ ಹೋದವು. ಅವ್ವ ಮಿರ್ಚಿಯನ್ನು ಅವು ಹೋದ ದಿಕ್ಕಿಗೆ ಬೀಸಿ ಒಗೆದು, "ಹೋಗ್ರಿ, ಈ ಕಡೆ ಬರಬ್ಯಾಡ್ರಿ" ಎಂದು ಹರಿದುಹೋದ ದನಿಯಲ್ಲಿ ಕೂಗಿದಳು. ರಸ್ತೆಯಲ್ಲಿದ್ದವನು ಎಲ್ಲವನ್ನೂ ನೋಡಿದ್ದ. ಸ್ವಲ್ಪ ಹೊತ್ತಿಗೆ ಬೈಕು ಹೊರಟಿತು.

ಅವನು ಬುಧವಾರ ಮತ್ತೆ ಬಂದಿದ್ದನೆಂದು ಮಾಬವ್ವ ಹೇಳಿದಳು. ಒಂದು ತಾಸು ಕಟ್ಟೆಯ ಮೇಲೆ ಕೂತು ಕರೆದನಂತೆ. ಹೊಲದಾಚೆ ಹೊರಟಿದ್ದ ಗಿಳಿಗಳು ಆ ಕರೆ ಕೇಳಿದೊಡನೆ ದಾರಿ ತಪ್ಪಿಸಿ ಹಾರಿದವಂತೆ. ಅಟ್ಟದ ಮೇಲಿಂದ ಅದನ್ನು ನೋಡಿ ನಕ್ಕೆ ಅಂದಳು, ಆಮೇಲೆ ಅತ್ತೆ ಅಂದಳು. ಅವನು ಮತ್ತೆ ಆ ಕಡೆ ಕಾಣಿಸಿಕೊಂಡಿಲ್ಲ. ಒಯ್ದ ಎರಡರ ಸುದ್ದಿಯೂ ಸಿಕ್ಕಿಲ್ಲ. ಬೈಕಿನ ನಂಬರನ್ನು ಇಲಾಖೆಯವರಿಗೆ ಕೊಟ್ಟಿದ್ದೇನೆ. ಎಲ್ಲಿಯಾದರೂ ಮನೆಯ ಮುಂದೆ ಪಂಜರ ಕಂಡರೆ ನಾನು ಈಗಲೂ ಸ್ಕೂಟರು ನಿಲ್ಲಿಸಿ ಇಣುಕುತ್ತೇನೆ.

ನಾವು ಭಾನುವಾರಗಳನ್ನು ಬಿಟ್ಟಿಲ್ಲ. ಬೇವಿನ ಕೆಳಗೆ ಕುಳಿತು ಉಣ್ಣುತ್ತೇವೆ. ಬಯಲಿನ ಊಟದ ಮಿಕ್ಕ ತೊಂದರೆಗಳೆಲ್ಲ ಹಾಗೆಯೇ ಇವೆ. ನೊಣಗಳಿವೆ, ಇರುವೆಗಳಿವೆ, ಕಾಗದ ಹಾರಿಹೋಗುತ್ತದೆ. ಆದರೂ ನನ್ನ ಎಡಗೈ ಮೊದಲಿಗಿಂತ ಹೆಚ್ಚು ಬಿಡುವಾಗಿದೆ, ಮತ್ತು ಆ ಬಿಡುವು ನನಗೆ ಒಂದು ದಿನವೂ ರುಚಿಸಿಲ್ಲ. ಅವ್ವ ಈಗ ಕರೆಯುವುದಿಲ್ಲ. ಅವಳ ಬೆರಳಿನ ಗಾಯ ಮಾಯುತ್ತಿದೆ. ಅದಕ್ಕೆ ಅರಿಷಿಣ ಹಚ್ಚಲು ಯಾರಿಗೂ ಬಿಡದೆ ತಾನೇ ಹಚ್ಚಿಕೊಳ್ಳುತ್ತಾಳೆ.

ಕಳೆದ ಭಾನುವಾರ ಊಟದ ನಡುವೆ ತಲೆಯ ಮೇಲೆ ಪರಿಚಿತ ಬೈಗುಳ ಕೇಳಿಸಿತು. ಬೇವಿನ ತುತ್ತತುದಿಯಲ್ಲಿ ನಾಲ್ಕು ಗಿಳಿಗಳು ಕುಳಿತಿದ್ದವು. ಒಂದರ ಕೊರಳಿಗೆ ಕೆಂಪು ಗೆರೆ. ಬಾಲದಲ್ಲಿ ಎರಡು ಹೊಸ ಗರಿಗಳು ಅರ್ಧ ಬೆಳೆದಿದ್ದವು. ನಾನು ತುತ್ತನ್ನು ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿದೆ. ಅವ್ವ ಮೇಲೆ ನೋಡಿದಳು. ನೋಡುತ್ತ, ಗಾಳಿಗೆ ಜಾರಿದ ಸೆರಗನ್ನು ತಲೆಗೆ ಎಳೆದುಕೊಳ್ಳಲು ಕೈ ಎತ್ತಿದಳು, ಅಷ್ಟೆ. ನಾಲ್ಕೂ ಒಮ್ಮೆಲೇ ಎದ್ದು, ಒಂದು ಸುತ್ತೂ ಹಾಕದೆ, ಮಾಬವ್ವನ ಹೊಲವನ್ನೂ ದಾಟಿ ಹೋದವು. ಎತ್ತಿದ ಕೈಯನ್ನು ಅವ್ವ ಬಹಳ ಹೊತ್ತು ಇಳಿಸಲಿಲ್ಲ.

"ಅಂಜ್ಯಾರ, ನೋಡು," ಅಂದಳು, ಕೆನ್ನೆಯ ಮೇಲಿಳಿದ ನೀರನ್ನು ಒರೆಸಿಕೊಳ್ಳದೆ. "ಇನ್ನ ಬದುಕ್ತಾರ."